ಹಳೇ ಗಾಡಿಯ ಚಕ್ರ ಹಿಡಿದುಕೊಂಡಾಗ

ಕೇಳುಗರಿಗೆಲ್ಲ ನಮಸ್ಕಾರ.

1986ರಲ್ಲಿ ರಸ್ತೆಗಿಳಿದ ಟಾಟಾ 407 ಇವತ್ತಿಗೂ ನಮ್ಮ ಎಪಿಎಂಸಿ ಯಾರ್ಡುಗಳಲ್ಲಿ ಟೊಮೆಟೊ, ಈರುಳ್ಳಿ ಹೊತ್ತು ನಿಂತಿರುತ್ತದೆ. ಇಂಥ ಗಾಡಿಗೆ ವಯಸ್ಸಾದಂತೆ ಬ್ರೇಕು ತಕರಾರು ತೆಗೆಯುತ್ತದೆ. ಪೆಡಲ್ ಮುಟ್ಟಿದರೆ ಸಾಕು, ಗಕ್ಕನೆ ಹಿಡಿಯುತ್ತದೆ. ಇಲ್ಲವೇ ಕಾಲು ತೆಗೆದರೂ ಒಂದು ಚಕ್ರ ಬಿಡುವುದೇ ಇಲ್ಲ, ಸುಟ್ಟ ವಾಸನೆ ಕ್ಯಾಬಿನ್ನಿಗೇ ಬರುತ್ತದೆ. ನಾನು ಹೇಳಹೊರಟಿರುವುದು ಆಯಿಲ್ ಒತ್ತಡದಿಂದ ಹಿಡಿಯುವ ಬ್ರೇಕು, ಚಕ್ರದ ಜೊತೆ ತಿರುಗುವ ಡ್ರಮ್ ಇರುವ ಗಾಡಿಗಳ ಮಾತು. ಏರ್ ಬ್ರೇಕಿನ ದೊಡ್ಡ ಲಾರಿಗಳದು ಬೇರೆ ಲೆಕ್ಕ. ಅವುಗಳ ಹಿಂದಿನ ಚೇಂಬರಿನೊಳಗೆ ಬಲವಾದ ಸ್ಪ್ರಿಂಗ್ ಅದುಮಿಕೊಂಡು ಕೂತಿರುತ್ತದೆ. ಗೊತ್ತಿಲ್ಲದವರು ಅದನ್ನು ಬಿಚ್ಚಿದರೆ ಜೀವಕ್ಕೇ ಅಪಾಯ.

ದಾರಿಯಲ್ಲಿ ಚಕ್ರ ಹೊಗೆಯಾಡಿದರೆ ನಿಲ್ಲಿಸಿ, ತಾನಾಗಿ ಆರಲು ಬಿಡಿ. ನೀರು ಎರಚಬೇಡಿ, ಕಾದ ಡ್ರಮ್ಮು ಎರಕದ ಕಬ್ಬಿಣದ್ದು, ಬಿರುಕು ಬಿಡುತ್ತದೆ.

ನಮ್ಮಲ್ಲಿ ಪಾನ (ಸ್ಪ್ಯಾನರ್) ಕೈಗೆ ಬಂದರೆ ಮೊದಲು ಬಿಚ್ಚುವುದೇ ಚಕ್ರ. ಸ್ವಲ್ಪ ತಡೆಯಿರಿ. ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟು, ಹಿಡಿದಿರುವ ಚಕ್ರವನ್ನು ಜಾಕಿಯಲ್ಲಿ ಎತ್ತಿ. ಜಾಕಿಯೊಂದನ್ನೇ ನಂಬದೆ ಆಕ್ಸಲ್ ಕೆಳಗೆ ಗಟ್ಟಿ ಆಸರೆ ಇಡಿ. ಈಗ ಆ ಚಕ್ರದ ಹಿಂದಿರುವ ಬ್ಲೀಡರ್ ನಿಪ್ಪಲನ್ನು, ಅಂದರೆ ಬ್ರೇಕ್ ಲೈನಿನ ಗಾಳಿ ತೆಗೆಯುವ ಸಣ್ಣ ತಿರುಪನ್ನು, ಸ್ವಲ್ಪವೇ ಸಡಿಲಿಸಿ. ಚರ್ರೆಂದು ಆಯಿಲ್ ಚಿಮ್ಮಿ ಚಕ್ರ ತಿರುಗಿತೋ, ಅದನ್ನು ಹಿಡಿದಿಟ್ಟಿದ್ದು ಒತ್ತಡ. ಡ್ರಮ್ಮಿನೊಳಗೆ ಹುಡುಕುವ ಮೊದಲು ಪೈಪಿನ ಕಡೆ ನೋಡಬೇಕು. ನಿಪ್ಪಲ್ ಬಿಟ್ಟರೂ ಕದಲದಿದ್ದರೆ ಕಾರಣ ಡ್ರಮ್ಮಿನೊಳಗಿದೆ, ಇಲ್ಲವೇ ಬೇರಿಂಗಿನಲ್ಲಿ. ಅರ್ಧ ದಿನದ ಕೆಲಸ ಉಳಿಸುವ ಪರೀಕ್ಷೆ ಇದು. ಎಷ್ಟೋ ಗ್ಯಾರೇಜುಗಳಲ್ಲಿ ಯಾಕೆ ಮಾಡುವುದಿಲ್ಲವೋ ನನಗೆ ಅರ್ಥವಾಗಿಲ್ಲ.

ಒತ್ತಡವೇ ಕಾರಣವಾದರೆ, ಎಷ್ಟು ಚಕ್ರ ಹಿಡಿದಿವೆ ಎಂದು ನೋಡಿ. ಮುಂದಿನ ಒಂದೇ ಚಕ್ರವಾದರೆ ಅದರ ರಬ್ಬರ್ ಹೋಸ್ ಪೈಪಿನ ಮೇಲೆ ಅನುಮಾನ. ಹೊರಗೆ ಹೊಸದರಂತಿದ್ದರೂ ಒಳಗೆ ಉಬ್ಬಿ ದಾರಿ ಕಟ್ಟಿರುತ್ತದೆ. ಕಾಲಿನ ಬಲಕ್ಕೆ ಆಯಿಲ್ ಆಚೆ ನುಗ್ಗುತ್ತದೆ, ವಾಪಸ್ ಬರಲಾರದು. ಹಿಂದಿನ ಎರಡೂ ಹಿಡಿದಿದ್ದರೆ, ಚಾಸಿಯಿಂದ ಆಕ್ಸಲ್ಲಿಗೆ ಇಳಿಯುವ ಹೋಸ್ ನೋಡಿ. ನಾಲ್ಕೂ ಹಿಡಿದಿದ್ದರೆ, ಪೆಡಲ್ ಒತ್ತಿದಾಗ ಎಲ್ಲ ಚಕ್ರಗಳಿಗೂ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಬನ್ನಿ. ಪೆಡಲಿಗೆ ಚೂರು ಫ್ರೀ ಪ್ಲೇ, ಅಂದರೆ ಬ್ರೇಕು ಹಿಡಿಯುವ ಮುಂಚಿನ ಖಾಲಿ ಆಟ, ಇರಲೇಬೇಕು. ಮಾಸ್ಟರ್ ಸಿಲಿಂಡರನ್ನು ತಳ್ಳುವ ಬೂಸ್ಟರ್ ರಾಡನ್ನು ಉದ್ದ ಮಾಡಿ ಕೂರಿಸಿದ್ದರೆ ಅದರೊಳಗಿನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಆಯಿಲ್ ವಾಪಸಾಗುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ. ಓಡಿದಷ್ಟೂ ಆಯಿಲ್ ಕಾದು ಹಿಗ್ಗಿ ಬ್ರೇಕು ಇನ್ನೂ ಬಿಗಿಯಾಗುತ್ತದೆ.

ಇನ್ನೊಂದು ಪಾಪ: ಬ್ರೇಕ್ ಆಯಿಲ್ ಡಬ್ಬಿಗೆ ಎಂಜಿನ್ ಆಯಿಲೋ ಸ್ಟೀರಿಂಗ್ ಆಯಿಲೋ ಸುರಿಯುವುದು. ರಬ್ಬರೆಲ್ಲ ಊದಿಕೊಳ್ಳುತ್ತದೆ. ಅನುಮಾನವಿದ್ದರೆ ಡಬ್ಬಿಯಿಂದ ನಾಲ್ಕು ಹನಿ ತೆಗೆದು ಲೋಟ ನೀರಿಗೆ ಹಾಕಿ ಕಲಕಿ. ಡಾಟ್ 3 ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆಯುತ್ತದೆ, ಬೇರೆಯದು ತೇಲುತ್ತದೆ. ತೇಲಿದರೆ ಲೈನು ತೊಳೆದು, ವಾಷರ್, ಹೋಸ್ ಎಲ್ಲ ಹೊಸದಾಗಿ ಹಾಕದೆ ವಿಧಿಯಿಲ್ಲ.

ಡ್ರಮ್ಮಿನೊಳಗಿನ ಕಾರಣಗಳು ಸುಲಭ: ತುಕ್ಕು ಹಿಡಿದ ವೀಲ್ ಸಿಲಿಂಡರ್ (ಆಯಿಲ್ ಒತ್ತಡದಿಂದ ಲೈನರನ್ನು ಡ್ರಮ್ಮಿಗೆ ಒತ್ತುವುದು), ಮುರಿದ ರಿಟರ್ನ್ ಸ್ಪ್ರಿಂಗ್, ಜಾಮಾದ ಹ್ಯಾಂಡ್ ಬ್ರೇಕ್ ಕೇಬಲ್. ಡ್ರಮ್ ಬರದಿದ್ದರೆ ಮೊದಲು ಲೈನರಿಗೂ ಡ್ರಮ್ಮಿಗೂ ನಡುವಿನ ಅಂತರ ಹೊಂದಿಸುವ ಅಡ್ಜಸ್ಟರ್ ಸಡಿಲಿಸಿ, ಆಮೇಲೆ ಸುತ್ತಿಗೆ. ಒಳಗಿನ ಧೂಳನ್ನು ಏರ್ ಹೊಡೆದು ಹಾರಿಸಬೇಡಿ. ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ.

ಇನ್ನು ಗಕ್ಕನೆ ಹಿಡಿಯುವುದು. ಮಳೆಯಲ್ಲಿ ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ಒಂದೆರಡು ಸಲ ಹಾಗೆ ಹಿಡಿದರೆ ಡ್ರಮ್ಮಿನ ತೆಳು ತುಕ್ಕು, ತಾನೇ ಹೋಗುತ್ತದೆ. ದಿನವಿಡೀ ಹಾಗೇ ಆದರೆ ಚಕ್ರದ ನಡುವಿನ ಹಬ್ (hub)ನ ಆಯಿಲ್ ಸೀಲ್ ನೋಡಿ. ಲೈನರ್ ಆಯಿಲಿನಲ್ಲಿ ಪೂರ್ತಿ ನೆನೆದರೆ ಬ್ರೇಕು ಜಾರುತ್ತದೆ, ಚೂರು ತಾಗಿದ್ದರೆ ಗಕ್ಕೆಂದು ಕಚ್ಚುವುದೂ ಉಂಟು. ಮರಳು ಕಾಗದದಲ್ಲಿ ಉಜ್ಜಿ, ಪೆಟ್ರೋಲಿನಲ್ಲಿ ತೊಳೆದು ಮತ್ತೆ ಕೂರಿಸುವವರಿದ್ದಾರೆ. ಕಾದಾಗ ಒಳಗಿನ ಆಯಿಲ್ ಮತ್ತೆ ಮೇಲೆ ಬರುತ್ತದೆ. ಸೀಲ್ ಬದಲಿಸಿ, ಲೈನರನ್ನು ಎಡ ಬಲ ಎರಡೂ ಕಡೆ ಒಟ್ಟಿಗೆ ಹಾಕಿ.

ಗಾಡಿ ಎಡಕ್ಕೆ ಎಳೆದರೆ ಎಡಚಕ್ರದ್ದೇ ತಪ್ಪು ಅಂತಲೂ ಅಲ್ಲ. ಬಲಗಡೆಯದು ಕೆಲಸವನ್ನೇ ಮಾಡದಿದ್ದರೂ ಎಡಕ್ಕೇ ಎಳೆಯುತ್ತದೆ. ಆದ್ದರಿಂದ ಎರಡೂ ಕಡೆಯ ಡ್ರಮ್ ತೆಗೆಸಿ ನೋಡಿ. ಪೆಡಲ್ ಕಾಲಡಿ ಕುಣಿದರೆ ಡ್ರಮ್ ಅಂಡಾಕಾರವಾಗಿರಬಹುದು, ಲೇತಿಗೆ ಕೊಡಿ. ಆದರೆ ತಯಾರಕರು ಹೇಳಿದ ಅಳತೆ ಮೀರಿ ಕೊರೆಸಬೇಡಿ.

ಕೆಲಸ ಮುಗಿದ ಮೇಲೆ ಬ್ರೇಕ್ ಲೈನಿನಲ್ಲಿ ಸೇರಿದ ಏರ್ ತೆಗೆದು, ಖಾಲಿ ಗಾಡಿಯನ್ನು ಸಮತಟ್ಟು ರಸ್ತೆಯಲ್ಲಿ ಐದಾರು ಕಿಲೋಮೀಟರ್ ಓಡಿಸಿ. ನಿಲ್ಲಿಸಿದ ಕೂಡಲೇ ಅಂಗೈ ಹಿಂಭಾಗವನ್ನು ಒಂದೊಂದು ಡ್ರಮ್ಮಿನ ಹತ್ತಿರ, ಮುಟ್ಟದೆ, ಹಿಡಿದು ನೋಡಿ. ಒಂದರ ಕಾವು ಜೊತೆಯದಕ್ಕಿಂತ ಎದ್ದು ಕಂಡರೆ ಲೋಡು ಹಾಕಬೇಡಿ, ಆ ಚಕ್ರವನ್ನು ಮತ್ತೆ ಎತ್ತಿಸಿ.

ನಮಸ್ಕಾರ.