ಅನನೀಯ ಆಡಿದ ಮೊದಲ ಮಾತು

ಕೇಳುಗರೇ, ನಮಸ್ಕಾರ.

ದೇವರ ಜೊತೆ ಮುರಿದ ನಂಟು ಕ್ರಿಸ್ತರಿಂದ ಮತ್ತೆ ಕೂಡುತ್ತದೆ. ಕ್ರೈಸ್ತ ನಂಬಿಕೆಯ ತಿರುಳು ಇದು. ಇವತ್ತು ಇದನ್ನು ಒಬ್ಬ ಮನುಷ್ಯನ ಬದುಕಿನಲ್ಲಿ ನೋಡೋಣ.

ಅವನ ಹೆಸರು ಸೌಲ. ತಾರ್ಸದವನು, ಚೆನ್ನಾಗಿ ಓದಿದವನು. ಯೇಸುವನ್ನು ನಂಬಿದವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಯೇಸುವನ್ನು ನಂಬಿದ್ದ ಸ್ತೆಫನನನ್ನು ಕಲ್ಲೆಸೆದು ಕೊಂದ ದಿನ, ಕಲ್ಲೆಸೆದವರು ತಮ್ಮ ಬಟ್ಟೆಗಳನ್ನು ಇವನ ಕಾಲ ಬಳಿ ಇಟ್ಟಿದ್ದರು. ಆಮೇಲೆ ಮನೆಮನೆಗೆ ನುಗ್ಗಿದ. ಗಂಡಸರು, ಹೆಂಗಸರು ಅನ್ನದೆ ಎಳೆತಂದು ಸೆರೆಗೆ ಹಾಕಿಸಿದ. ಅದೂ ಸಾಲದೆ ಮಹಾಯಾಜಕರಿಂದ ಪತ್ರ ಪಡೆದು ದಮಸ್ಕಕ್ಕೆ ಹೊರಟ. ದಾರಿಯಲ್ಲಿ ಆಕಾಶದಿಂದ ಬೆಳಕು ಮಿಂಚಿತು. ನೆಲಕ್ಕೆ ಬಿದ್ದ. 'ಸೌಲನೇ, ನನ್ನನ್ನು ಯಾಕೆ ಹಿಂಸಿಸುತ್ತೀ?' ಎಂಬ ಯೇಸುವಿನ ದನಿ ಕೇಳಿಸಿತು. ಕಣ್ಣು ಕಾಣದಾಯಿತು. ಹಾಗೇ ದಮಸ್ಕ ಸೇರಿದ. ಮೂರು ದಿನ ಅನ್ನ ನೀರು ಮುಟ್ಟಲಿಲ್ಲ.

ಅದೇ ಊರಿನಲ್ಲಿ ಅನನೀಯ ಎಂಬ ಶಿಷ್ಯನಿದ್ದ. ನೆಟ್ಟನೆ ಬೀದಿಗೆ ಹೋಗಿ ಸೌಲನನ್ನು ನೋಡು ಎಂದು ಪ್ರಭುವಿನ ಅಪ್ಪಣೆಯಾಯಿತು. ಅನನೀಯ ಹಿಂಜರಿದ. ತನ್ನಂಥವರನ್ನು ಕಟ್ಟಿ ಒಯ್ಯಲೆಂದೇ ಬಂದವನ ಎದುರು ಹೋಗಿ ನಿಲ್ಲಬೇಕು, ಭಯವಾಗದೆ ಇರುತ್ತಾ? ಆದರೂ ಹೋದ. ಅವನ ಮೇಲೆ ಕೈಯಿಟ್ಟ. ಬಾಯಿಂದ ಬಂದ ಮೊದಲ ಮಾತು, 'ಸಹೋದರ ಸೌಲ.' ಸೌಲ ಅವನ ಬಳಿ ಕ್ಷಮೆ ಕೇಳಿದ ಒಂದು ಮಾತೂ ಅಲ್ಲಿಯವರೆಗೆ ಕತೆಯಲ್ಲಿಲ್ಲ. ಎಷ್ಟು ಸಲ ಓದಿದರೂ ಇಲ್ಲಿ ನನ್ನ ಗಂಟಲು ಕಟ್ಟುತ್ತದೆ.

ಈ ಸೌಲನೇ ಮುಂದೆ ಪೌಲನಾಗಿ ಕೊರಿಂಥ ಊರಿನ ಕ್ರೈಸ್ತ ಸಭೆಗೆ ಪತ್ರ ಬರೆದ. ದೇವರು ಜನರ ಅಪರಾಧಗಳನ್ನು ಲೆಕ್ಕಕ್ಕೆ ಹಿಡಿಯದೆ, ಕ್ರಿಸ್ತರಲ್ಲಿ ಲೋಕವನ್ನು ತಮ್ಮೊಂದಿಗೆ ಒಂದುಮಾಡಿಕೊಂಡರು ಅನ್ನುತ್ತಾನೆ. ನಮ್ಮ ಊರುಗಳಲ್ಲಿ ಜಗಳವಾದರೆ ತಪ್ಪು ಮಾಡಿದವನೇ ಹಿರಿಯರನ್ನು ಕರೆದುಕೊಂಡು ಹೋಗಬೇಕು, ಅಲ್ವಾ? ಪೌಲ ಕಂಡಿದ್ದು ಬೇರೆ. ನೊಂದ ದೇವರೇ ನಮ್ಮ ಬಾಗಿಲಿಗೆ ಬಂದರು.

ಹಾಗಂತ ತಪ್ಪು ಸುಮ್ನೆ ಅಳಿಸಿಹೋಗಲಿಲ್ಲ. ಸ್ತೆಫನನ ರಕ್ತ ನಿಜವಾದ ರಕ್ತ. ಆ ಪಾಪದ ಭಾರವನ್ನು ಕ್ರಿಸ್ತರು ಶಿಲುಬೆಯ ಮೇಲೆ ಹೊತ್ತರು ಎಂದು ನಾವು ನಂಬುತ್ತೇವೆ. ಹೇಗೆ ಹೊತ್ತರು ಅನ್ನುವುದನ್ನು ಸಭೆಗಳು ನಾನಾ ಬಗೆಯಲ್ಲಿ ವಿವರಿಸಿವೆ. ಹೊತ್ತರು ಅನ್ನುವುದರಲ್ಲಿ ಎರಡು ಮಾತಿಲ್ಲ.

ಕೊರಿಂಥದವರಿಗೂ ಪೌಲನಿಗೂ ನಡುವೆಯೇ ಮನಸ್ತಾಪವಿತ್ತು. ಅದೇ ಪತ್ರದಲ್ಲಿ, 'ನಿಮ್ಮ ಹೃದಯದಲ್ಲಿ ನಮಗೆ ಜಾಗ ಕೊಡಿ' ಎಂದು ಬೇಡುತ್ತಾನೆ. ದೇವರ ಜೊತೆ ರಾಜಿ, ಮನುಷ್ಯರ ಜೊತೆ ಮುನಿಸು, ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಆಗುವುದಿಲ್ಲ. ಯೇಸುಸ್ವಾಮಿಯೂ ಹೇಳಿದ್ದಾರೆ: ನಿನ್ನ ಸಹೋದರನಿಗೆ ನಿನ್ನ ಮೇಲೆ ಬೇಸರವಿದೆ ಎಂದು ನೆನಪಾದರೆ ದೇವರಿಗೆ ತಂದ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ರಾಜಿಯಾಗಿ ಬಾ.

1947ರಲ್ಲಿ ಹಲವು ಸಭೆಗಳು ಕೂಡಿ ಆದ ದಕ್ಷಿಣ ಭಾರತ ಸಭೆಯ ಆರಾಧನೆಯಲ್ಲಿ ಇದಕ್ಕೊಂದು ಗಳಿಗೆ ಇದೆ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಮೊದಲು ಸಮಾಧಾನವನ್ನು ಕೈಯಿಂದ ಕೈಗೆ ಕೊಡುತ್ತಾರೆ. ಮಾತು ಬಿಟ್ಟವರು ಪಕ್ಕದಲ್ಲೇ ಕೂತಿದ್ದರೆ ಆ ಗಳಿಗೆ ತುಂಬಾ ಕಷ್ಟ. ಕಷ್ಟವಾದರೂ ಅದನ್ನು ದಾಟಿಯೇ ಪ್ರಭುವಿನ ಮೇಜಿಗೆ ಹೋಗಬೇಕು.

ನಮಸ್ಕಾರ.