ನೂರು ಮೂಟೆ ಯಾರ ಲೆಕ್ಕಕ್ಕೆ?

ಎಲ್ಲರಿಗೂ ನಮಸ್ಕಾರ.

ಪರ್ಮಿಟ್, ಎಫ್‌ಸಿ, ಇ-ವೇ ಬಿಲ್ ಅಂತ ಲಾರಿಯ ಕಾಗದಪತ್ರಗಳ ಬಗ್ಗೆ ನಾನು ಮಾತಾಡುವುದಿಲ್ಲ. ಅದೆಲ್ಲ ನಿಮಗೆ ಬಾಯಿಪಾಠ. ಇವತ್ತು ಲಾರಿಗೆ ಮಿತಿ ಮೀರಿ ಏರಿಸುವ ನೂರು ಮೂಟೆ ಸಿಮೆಂಟಿನ ಬಗ್ಗೆ ಮಾತ್ರ ಮಾತಾಡೋಣ.

ಒಂದು ಆರು ಚಕ್ರದ ಲಾರಿ. ಲೋಡು ಸೇರಿ 18.5 ಟನ್ ತನಕ ಪಾಸಿಂಗ್, ಅಂದರೆ ಕಾನೂನು ಒಪ್ಪುವ ತೂಕ. 2018ರ ಜುಲೈಗೆ ಮುಂಚೆ 16.2 ಟನ್ ಇತ್ತು. ಮಿತಿ ಜಾಸ್ತಿ ಆಯ್ತಲ್ಲ, ಇನ್ನು ಓವರ್‌ಲೋಡ್ ನಿಲ್ಲುತ್ತದೆ ಅಂದುಕೊಂಡವರಿದ್ದರು. ನಿಂತಿತಾ? ನಮ್ಮ ಈ ಲಾರಿಗೂ ಪಾಸಿಂಗ್ ಮೇಲೆ ನೂರು ಮೂಟೆ ಏರಿಸಿದ್ದಾರೆ ಅಂತಿಟ್ಟುಕೊಳ್ಳಿ. ಮೂಟೆಗೆ 50 ಕೆಜಿ. ಐದು ಟನ್ ಆಯಿತು.

ಐದು ಟನ್ ಏನು ಮಹಾ ಅನ್ನಿಸಬಹುದು. ರಸ್ತೆಯ ಲೆಕ್ಕವೇ ಬೇರೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಇದಕ್ಕಂತಲೇ ರಸ್ತೆ ಮಾಡಿ, ಅದರ ಮೇಲೆ ಲಾರಿ ಓಡಿಸಿಯೇ ಓಡಿಸಿದರು. ಆಕ್ಸಲ್ ಅಂದರೆ ಚಕ್ರಗಳ ಅಚ್ಚು, ಅದರ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಯ ಸವೆತ ಎರಡು ಪಟ್ಟಲ್ಲ, ಹತ್ತಿರ ಹತ್ತಿರ 16 ಪಟ್ಟು ಅಂತ ಗೊತ್ತಾಯಿತು. ನಮ್ಮ ಲಾರಿಯ ಹಿಂದಿನ ಆಕ್ಸಲ್‌ಗೆ 11.5 ಟನ್ ಮಿತಿ. ಅದು 16 ಟನ್ ಹೊತ್ತರೆ ಸವೆತ ನಾಲ್ಕು ಪಟ್ಟಿನ ಹತ್ತಿರ ಹೋಗುತ್ತದೆ. ಅದಿರು ಲಾರಿಗಳ ಕಾಲದಲ್ಲಿ ಸಂಡೂರು, ಹೊಸಪೇಟೆ ಕಡೆ ಓಡಾಡಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಸೊಂಟಕ್ಕೇ ಗೊತ್ತು!

ಇನ್ನು ದಂಡ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಟನ್ನಿಗೆ 2,000. ನಮ್ಮ ಲಾರಿಗೆ 30,000 ಆಯಿತು. ಕಟ್ಟಿ ಹೊರಟುಬಿಡೋಣ ಅಂದರೆ ಅದೂ ಆಗುವುದಿಲ್ಲ. ಜಾಸ್ತಿ ಇರುವುದನ್ನು ಇಳಿಸಲೇಬೇಕು. ದುಡ್ಡು ಕಟ್ಟಿಸಿಕೊಂಡು ಅದೇ ಲೋಡಿನಲ್ಲಿ ಬಿಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ.

ಸರಿ, ಇಳಿಸಿ ನೋಡೋಣ. ರಾತ್ರಿ ಎರಡು ಗಂಟೆ. ಹೆದ್ದಾರಿ ಪಕ್ಕ. ಡ್ರೈವರ್ ಒಬ್ಬ, ಕ್ಲೀನರ್ ಒಬ್ಬ, ನೂರು ಮೂಟೆ. ಮೋಡ ಬೇರೆ ಕವಿದಿದೆ. ಇರುವುದು ಒಂದೇ ಟಾರ್ಪಲ್. ಅದನ್ನು ಕೆಳಗಿನ ಮೂಟೆಗೆ ಹೊದಿಸಬೇಕಾ, ಮೇಲಿನದಕ್ಕಾ?

ಆ ಮೂಟೆಗಳನ್ನು ಏರಿಸಿ ಅಂತ ಡ್ರೈವರ್ ಕೇಳಿರಲಿಲ್ಲ. ಕಾಯ್ದೆ ಓಡಿಸಿದವನನ್ನು ಮಾತ್ರ ಹಿಡಿ ಅನ್ನುವುದಿಲ್ಲ. ಓಡಿಸುವಂತೆ ಮಾಡಿದವರು, ಓಡಿಸಲು ಬಿಟ್ಟವರು, ಎಲ್ಲರನ್ನೂ ಸೇರಿಸುತ್ತದೆ. ಆದರೆ ರಸ್ತೆಯಲ್ಲಿ ಕೈಗೆ ಸಿಗುವವನು ಡ್ರೈವರ್ ಒಬ್ಬನೇ, ಅಲ್ವಾ? ಬಾಡಿಗೆ ಟನ್ ಲೆಕ್ಕದಲ್ಲಿ. ಬೇಡ ಅಂದರೆ ಹಿಂದೆ ಸಾಲಲ್ಲಿ ನಿಂತ ಲಾರಿಗೆ ಲೋಡು ಹೋಗುತ್ತದೆ. ಹಾಗಾಗಿ ಸುಮ್ನೆ ಏರಿಸಿಕೊಳ್ಳುತ್ತಾನೆ.

ನನ್ನ ಕೇಳಿದರೆ, ತಪಾಸಣೆ ಶುರುವಾಗಬೇಕಾದದ್ದು ಹೆದ್ದಾರಿಯಲ್ಲಲ್ಲ, ಲೋಡು ತುಂಬುವ ಗೇಟಿನಲ್ಲಿ. ಅಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಚೀಟಿಯಲ್ಲಿ ತೂಕ, ಹೊತ್ತು, ಗಾಡಿ ನಂಬರು ಎಲ್ಲ ಅಚ್ಚಾಗಿರುತ್ತದೆ. ಅಲ್ಲೇ ತಡೆದರೆ ಇಳಿಸಲು ಹಮಾಲರೂ ಇದ್ದಾರೆ, ಇಡಲು ಗೋಡೌನೂ ಇದೆ.