ಜೀವಕೋಶದ ಅಳತೆ ಮತ್ತು ಅದರ ಉಳಿವು

ಸಭೆಯಲ್ಲಿರುವ ಹಿರಿಯರಿಗೂ ವಿದ್ಯಾರ್ಥಿ ಮಿತ್ರರಿಗೂ ವಂದನೆಗಳು.

ಮಂಡ್ಯದಲ್ಲಿ ನಿಂತು ಈ ವಿಷಯ ಹೇಳುವವನಿಗೆ ಆಲೆಮನೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆ ಅಗಲವಾಗಿರುತ್ತದೆ, ಆಳ ಕಡಿಮೆ; ಆವಿ ಹೊರಹೋಗುವುದು ಮೇಲ್ಮೈಯಿಂದ. ಅಷ್ಟೇ ಹಾಲನ್ನು ಕಿರುಬಾಯಿಯ ಹಂಡೆಗೆ ತುಂಬಿ ಒಲೆಗೇರಿಸಿದರೆ, ಒಣಗಿಸಿಟ್ಟ ಸಿಪ್ಪೆಯೆಲ್ಲ ಉರಿದು ಮುಗಿದರೂ ಪಾಕ ಬರುವುದು ಕಷ್ಟ. ಜೀವಕೋಶಕ್ಕೆ ಆಹಾರವೂ ಆಮ್ಲಜನಕವೂ ಒಳಬರುವುದು ಮೇಲ್ಮೈಯಿಂದಲೇ; ಅದರ ಬಾಳೂ ಈ ಲೆಕ್ಕಕ್ಕೇ ಕಟ್ಟುಬಿದ್ದಿದೆ.

ಘನಾಕೃತಿಯ ಕೋಶವೊಂದರ ಬದಿ 1 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ, ಇದ್ದರೆ ಮೇಲ್ಮೈ 6 ಚದರ ಮೈಕ್ರೋಮೀಟರ್, ಘನಗಾತ್ರ 1 ಘನ ಮೈಕ್ರೋಮೀಟರ್. ಬದಿ 10 ಆದಾಗ ಮೇಲ್ಮೈ 600, ಘನಗಾತ್ರ 1000. ಅಂದರೆ ಉಣ್ಣುವವರು ಸಾವಿರ ಪಟ್ಟು ಹೆಚ್ಚಿದರು, ಅನ್ನ ಬರುವ ಬಾಗಿಲು ನೂರು ಪಟ್ಟು ಮಾತ್ರ ಅಗಲವಾಯಿತು. ಒಳಗೆ ಬಂದದ್ದು ಹಂಚಿಹೋಗುವುದೂ ಸುಲಭವಲ್ಲ. ತಾನಾಗಿ ಅಲೆಯುತ್ತ ಹರಡುವ ಅಣುವಿಗೆ ಹತ್ತು ಪಟ್ಟು ದೂರವೆಂದರೆ ನೂರು ಪಟ್ಟು ಸಮಯ. ನೀರಿನಲ್ಲಿ ಕರಗಿದ ಆಮ್ಲಜನಕ 10 ಮೈಕ್ರೋಮೀಟರ್ ದೂರವನ್ನು ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ದಾಟಿದರೆ, 1 ಮಿಲಿಮೀಟರಿಗೆ ಹಲವು ನಿಮಿಷಗಳನ್ನು ತೆಗೆದುಕೊಳ್ಳುತ್ತದೆ.

ಹಾಗಾದರೆ ದೊಡ್ಡ ಕೋಶಗಳೇ ಇಲ್ಲವೇ? ಇವೆ; ನನ್ನ ಮಟ್ಟಿಗೆ ಈ ವಿಷಯದ ಸ್ವಾರಸ್ಯವಿರುವುದೇ ಅಲ್ಲಿ. ಕೆರೆಯಲ್ಲೂ ನೀರು ನಿಂತ ಗದ್ದೆಯಲ್ಲೂ ಬೆಳೆಯುವ ಕಾರಾ ಎಂಬ ಪಾಚಿಯಲ್ಲಿ ಎರಡು ಗೆಣ್ಣುಗಳ ನಡುವಿನ ಒಂದೇ ಕೋಶ ಹಲವು ಸೆಂಟಿಮೀಟರ್ ಉದ್ದ ಬೆಳೆಯಬಲ್ಲದು. ಅದು ಹರಡುವಿಕೆಯನ್ನು ನಂಬಿ ಕೂರದೆ, ತನ್ನ ಕೋಶದ್ರವ್ಯವನ್ನು ಗೋಡೆಗುಂಟ ಸದಾ ಸುತ್ತಿಸುತ್ತಿರುತ್ತದೆ. ಈ ಓಟ ಶಾಲೆಯ ಸೂಕ್ಷ್ಮದರ್ಶಕದಲ್ಲೂ ಕಾಣುವಂಥದ್ದು. ಪುಸ್ತಕದ ಚಿತ್ರ ತೋರಿಸಿ ಸುಮ್ಮನಾಗುವ ನಮ್ಮ ಅಭ್ಯಾಸದ ಬಗ್ಗೆ ನನಗೆ ಬೇಸರವಿದೆ. ನಮೀಬಿಯಾ ಕರಾವಳಿಯಲ್ಲಿ ಸಿಕ್ಕು 1999ರಲ್ಲಿ ವರದಿಯಾದ ಥಿಯೋಮಾರ್ಗರಿಟಾ ಬ್ಯಾಕ್ಟೀರಿಯಾದ್ದು ಇನ್ನೊಂದು ಉಪಾಯ. 0.75 ಮಿಲಿಮೀಟರಿನವರೆಗೆ ಬೆಳೆಯುವ ಅದರ ಒಡಲಿನ ಬಹುಪಾಲು ನೈಟ್ರೇಟ್ ತುಂಬಿದ ರಸದಾನಿ, ಅಂದರೆ ಕೋಶದೊಳಗಿನ ದ್ರವದ ಚೀಲ. ಜೀವಂತ ಭಾಗ ಅಂಚಿನ ತೆಳುಪದರ ಮಾತ್ರ.

ನಮ್ಮ ಕೆಂಪು ರಕ್ತಕಣ ನಡುವೆ ತಗ್ಗಿದ ಬಿಲ್ಲೆಯಂತಿರುವುದರಿಂದ ಅದರ ಘನಗಾತ್ರಕ್ಕೆ ಬೇಕಾದುದಕ್ಕಿಂತ ಹೊರಪೊರೆ ಧಾರಾಳವಾಗಿ ಉಳಿದಿರುತ್ತದೆ. ಒಂದು ಆನುವಂಶಿಕ ಕಾಯಿಲೆಯಲ್ಲಿ ಪೊರೆ ಕಳೆದುಕೊಂಡ ಕಣ ದುಂಡಗಾಗುತ್ತದೆ. ಒಳಗಿನ ಹಿಮೋಗ್ಲೋಬಿನ್ ಹೆಚ್ಚುಕಡಿಮೆ ಅಷ್ಟೇ ಇದ್ದರೂ ದುಂಡಗಿನ ಕಣ ಬಾಗಲಾರದೆ, ರಕ್ತ ಸೋಸುವ ಅಂಗವಾದ ಗುಲ್ಮದ ಸಂದುಗಳಲ್ಲಿ ಸಿಕ್ಕಿ ಬೇಗನೆ ನಾಶವಾಗುತ್ತದೆ.

ಚಿಕ್ಕದಾಗುವುದಕ್ಕೂ ಮಿತಿಯುಂಟು. ಡಿಎನ್‌ಎಗೂ ಪ್ರೋಟೀನುಗಳಿಗೂ ಆ ಪ್ರೋಟೀನುಗಳನ್ನು ಕಟ್ಟುವ ರೈಬೋಸೋಮುಗಳಿಗೂ ಜಾಗ ಬೇಕು. ಮಂಗಳನಿಂದ ಬಂದ ಉಲ್ಕಾಶಿಲೆಯಲ್ಲಿ ಅತಿಸೂಕ್ಷ್ಮ ಜೀವಿಗಳ ಕುರುಹಿದೆಯೆಂಬ ವಾದ 1996ರಲ್ಲಿ ಎದ್ದ ಮೇಲೆ ಅಮೆರಿಕದಲ್ಲಿ ಸೇರಿದ ತಜ್ಞರು, ಸ್ವತಂತ್ರವಾಗಿ ಬಾಳುವ ಕೋಶದ ಕನಿಷ್ಠ ವ್ಯಾಸ ಸುಮಾರು 0.2 ಮೈಕ್ರೋಮೀಟರ್ ಎಂದು ಅಂದಾಜಿಸಿದರು. ಆಹಾರ ಸಿಗದ ನೀರಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಕುಗ್ಗುತ್ತ ಈ ಅಂಚಿನ ಹತ್ತಿರಕ್ಕೇ ಬರುತ್ತವೆ. ಹಾಗೆ ಕುಗ್ಗಿದವುಗಳಲ್ಲಿ ಕೆಲವು, ಸೂಕ್ಷ್ಮಜೀವಿಗಳನ್ನು ತಡೆಯಲೆಂದೇ ಪ್ರಯೋಗಾಲಯಗಳಲ್ಲಿ ಬಳಸುವ 0.2 ಮೈಕ್ರೋಮೀಟರ್ ರಂಧ್ರದ ಶೋಧಕದಿಂದಲೂ ನುಸುಳಿ ಆಚೆ ಹೋಗುತ್ತವೆ.